ಅಕ್ಕನಿಗೆ, ಅಪ್ಪಯ್ಯನ ಕಾಲಿನ ವಿಷಯ

ಸೇಂಟ್ ಲೂಯಿಸ್, ಮಿಸ್ಸೂರಿ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನಮಸ್ಕಾರ. ನಾನು ಕ್ಷೇಮ. ಭಾವನಿಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು. ಅಮ್ಮನಿಗೆ ಬೇರೆ ಪತ್ರ ಇಲ್ಲ, ಇದೇ ಅಂತ ಹೇಳು.

ಅಪ್ಪಯ್ಯನ ಕಾಲಿನ ಗಾಯ ಮಾಯುತ್ತಿಲ್ಲ, ವಾಸನೆ ಬರುತ್ತಿದೆ ಅಂತ ಬರೆದ ನಿನ್ನ ಪತ್ರ ಸಿಕ್ಕಿತು. ಫೋನಿನಲ್ಲಿ ಹೇಳುವುದು ಬಿಟ್ಟು ಹಾಳೆಯಲ್ಲಿ ಬರೆದು, ಅದರ ಫೋಟೋ ಯಾಕೆ ಕಳಿಸಿದೆ ಅಂತ ಓದಿದ ಮೇಲೆ ಗೊತ್ತಾಯಿತು. ಅಪ್ಪಯ್ಯ ಗೋಡೆಯ ಆಚೆಗೇ ಇರುವಾಗ ಫೋನಿನಲ್ಲಿ ಏನು ಹೇಳೋಕಾಗುತ್ತೆ. ವಿಡಿಯೋ ಕಾಲ್‌ನಲ್ಲಿ ನನಗೆ ಯಾವಾಗಲೂ ಕಂಡಿದ್ದು ಅವರ ಮುಖ, ಹೆಗಲ ಮೇಲಿನ ಟವೆಲ್ಲು ಅಷ್ಟೇ. ಹಬ್ಬದ ದಿನವೂ ಪಂಕ್ತಿಗೆ ಬರದೆ ಹಿಂದಿನ ಕೋಣೆಗೇ ಎಲೆ ತರಿಸಿಕೊಂಡರು, "ವಾಸನೆಗೆ ನಿಮಗೆಲ್ಲ ಊಟ ಸೇರೋದಿಲ್ಲ" ಅಂದರು ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ನಿದ್ದೆ ಬಂದಿಲ್ಲ.

ನೋವಿಲ್ಲ ಅಂತಾರೆ, ಅದಕ್ಕೆ ಬಿಟ್ಟಿದ್ದೇವೆ ಅಂತ ರಘಣ್ಣ ಅಂದನಂತೆ. ಅವನಿಗೆ ಹೇಳು, ನೋವಿಲ್ಲದಿರುವುದೇ ಕೆಟ್ಟದ್ದು. ಶುಗರ್ ಜಾಸ್ತಿಯಾಗಿ ವರ್ಷಗಟ್ಟಲೆ ಇದ್ದರೆ ಕಾಲಿನ ನರ ಸತ್ತುಹೋಗುತ್ತೆ. ಮುಳ್ಳು ಚುಚ್ಚಿದರೂ ಗೊತ್ತಾಗಲ್ಲ. ರಕ್ತ ಸರಿಯಾಗಿ ಇಳಿಯಲ್ಲ, ಗಾಯ ಒಣಗಲ್ಲ, ಕೀವು ಮೂಳೆಗೆ ಹೋಗುತ್ತೆ. ಅರಿಶಿನ, ಬೇವಿನೆಣ್ಣೆ ಯಾವುದೂ ಬೇಡ. ಬರಿಗಾಲಲ್ಲಿ ತೋಟಕ್ಕೆ ಇಳಿಯುವುದು ಬೇಡವೇ ಬೇಡ. ಬೆರಳು ಕಪ್ಪಾಗಿದೆಯಾ ನೋಡು. ಕಪ್ಪಾಗಿದ್ದರೆ ಈ ಪತ್ರ ಇಲ್ಲಿಗೇ ನಿಲ್ಲಿಸಿ ಕಾರು ತರಿಸು.

ಆಗಿಲ್ಲದಿದ್ದರೆ ಮುಂದೆ ಓದು. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಗೆರೆಗಳ ನಡುವೆ ಇರುವುದು ಅಪ್ಪಯ್ಯನಿಗೆ. ಕಾಲಿಗೆ ಬಟ್ಟೆ ಕಟ್ಟುವಾಗ ಗಟ್ಟಿಯಾಗಿ ಓದು. ನಾಟಕದ ವಿಷಯ ಅಂದರೆ ಅಲುಗಾಡದೆ ಕೂರುತ್ತಾರೆ. ಮಿಕ್ಕಿದ್ದು ನಿನಗೆ ಮಾತ್ರ.

ಅಂದಹಾಗೆ, "ಇವನು ಅಲ್ಲಿ ಕೆಲಸ ಬಿಟ್ಟು ಗ್ರೀಕರ ನಾಟಕ ನೋಡ್ತಾ ತಿರುಗ್ತಾನಂತೆ" ಅಂತ ಮನೆಯಲ್ಲಿ ಮಾತಾಯಿತಂತೆ. ಕೆಲಸ ಬಿಟ್ಟಿಲ್ಲ. ನಾಟಕ ಸಂಜೆ ಇರುತ್ತೆ, ಎಷ್ಟೋ ಕಡೆ ಪುಕ್ಕಟೆ. ಹೆಗ್ಗೋಡಿನಲ್ಲಿ ಅಪ್ಪಯ್ಯನ ಪಕ್ಕ ಕೂತು, ಅರ್ಥ ಆಗದ ನಾಟಕವನ್ನೂ ಕೊನೆವರೆಗೆ ನೋಡಿ ಬೆಳೆದವನು ನಾನು. ಇಲ್ಲಿ ಬಂದು ಬೇಸ್‌ಬಾಲ್ ನೋಡು ಅಂದರೆ ಹೇಗೆ?

———

ಅಪ್ಪಯ್ಯಾ, ನಮಸ್ಕಾರ.

ಅಮೆರಿಕದವರಿಗೆ ನಾಟಕ ಅಂತ ಏನಾದರೂ ಇದೆಯೋ, ಬರೀ ಸಿನಿಮಾನೋ ಅಂತ ಕೇಳಿದ್ದಿರಿ. ಇದೆ. ಗ್ರೀಕರ ದುರಂತ ನಾಟಕಗಳನ್ನು ಇವರು ಸಾಲ ತಂದಿದ್ದಾರೆ. ವಾಪಸ್ ಕೊಡುವ ಹಾಗೆ ಕಾಣುವುದಿಲ್ಲ.

ಮೊದಲು ಯೂಜೀನ್ ಓನೀಲ್. 1936ರಲ್ಲಿ ನೊಬೆಲ್ ಬಂದವರು. 1931ರಲ್ಲಿ 'ಮೋರ್ನಿಂಗ್ ಬಿಕಮ್ಸ್ ಎಲೆಕ್ಟ್ರಾ' ಅಂತ ಬರೆದರು. ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಮೂರು ನಾಟಕಗಳ ಕತೆಯನ್ನೇ ಎತ್ತಿಕೊಂಡು ಅಮೆರಿಕದ ಅಂತರ್ಯುದ್ಧ ಮುಗಿದ ಹೊತ್ತಿಗೆ ತಂದಿಟ್ಟರು. ಟ್ರಾಯ್ ಯುದ್ಧದಿಂದ ಬರುವ ಅಗಮೆಮ್ನನ್ ಇಲ್ಲಿ ಎಜ್ರಾ ಮ್ಯಾನನ್ ಅನ್ನುವ ಸೇನಾಪತಿ. ಹೆಂಡತಿ ವಿಷ ಹಾಕುತ್ತಾಳೆ. ಮಗಳು, ಮಗ ಸೇಡು ತೀರಿಸಿಕೊಳ್ಳುತ್ತಾರೆ. ಓನೀಲ್ ಬರೆದದ್ದೂ ಮೂರು ನಾಟಕ, ಮೂರೂ ಸೇರಿ 13 ಅಂಕ. ನಮ್ಮ ಬಯಲಾಟದ ಮುಂದೆ ಅದೇನು ದೊಡ್ಡದಲ್ಲ ಬಿಡಿ, ಆದರೆ ಇಲ್ಲಿನವರು ಅದರ ಉದ್ದದ ಬಗ್ಗೆ ಇವತ್ತಿಗೂ ಮಾತಾಡುತ್ತಾರೆ. ಗ್ರೀಕ್ ನಾಟಕದಲ್ಲಿ ಕೊಂದವನನ್ನು ದೇವತೆಗಳು ಅಟ್ಟಿಸಿಕೊಂಡು ಬರುತ್ತಾರೆ. ಓನೀಲ್ ದೇವತೆಗಳನ್ನು ತೆಗೆದುಹಾಕಿದರು. ಒಳಗಿರುವುದೇ ಅಟ್ಟಿಸಿಕೊಂಡು ಬರುತ್ತೆ. ಕೊನೆಗೆ ಮಗಳು ಲವೀನಿಯಾ ಕಿಟಕಿಗೆಲ್ಲ ಮೊಳೆ ಹೊಡೆಸಿ, ಸತ್ತವರ ಪಟಗಳ ಜೊತೆ ಒಬ್ಬಳೇ ಮನೆಯೊಳಗೆ ಉಳಿದುಬಿಡುತ್ತಾಳೆ. ದೊಡ್ಡ ಕೊನೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಸಿಟ್ಟು ಬಂತು. ಬಾಗಿಲು ಹಾಕಿಕೊಂಡು ಕೂರುವುದರಲ್ಲಿ ಏನು ದೊಡ್ಡತನ? ಸುಮ್ನೆ ಹೇಳಿದೆ.

ನಿಮಗೆ ಹಿಡಿಸುವುದು ಇನ್ನೊಂದು, 'ದಿ ಗಾಸ್ಪೆಲ್ ಅಟ್ ಕಲೋನಸ್'. 1983ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶುರುವಾಗಿದ್ದು. ಲಂಕೇಶ್ ಕನ್ನಡಕ್ಕೆ ತಂದರಲ್ಲ 'ದೊರೆ ಈಡಿಪಸ್', ಅದೇ ಈಡಿಪಸ್ ಮುದುಕನಾಗಿ, ಕುರುಡನಾಗಿ, ಸಾಯಲು ಜಾಗ ಹುಡುಕುತ್ತಾ ಬರುವ ಕತೆ. ಲೀ ಬ್ರೂಯರ್, ಬಾಬ್ ಟೆಲ್ಸನ್ ಸೇರಿ ಅದನ್ನು ಕರಿಯರ ಚರ್ಚಿನ ಆರಾಧನೆಯ ರೂಪಕ್ಕೆ ತಂದರು. ಕತೆ ಹೇಳುವವನು ಪಾದ್ರಿ. ಕೋರಸ್ಸಿನ ಜಾಗದಲ್ಲಿ ಚರ್ಚಿನ ಹಾಡುಗಾರರು. ಈಡಿಪಸ್ ಪಾತ್ರಕ್ಕೆ ಒಬ್ಬ ನಟ ಸಾಲದು ಅಂತ ಅಲಬಾಮಾದ ಕುರುಡ ಗಾಯಕರ ಒಂದು ತಂಡವನ್ನೇ ತಂದು ನಿಲ್ಲಿಸಿದರು. ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆದು ಬರುತ್ತಾರೆ. ನಾನು ನೋಡಿದ್ದು ರೆಕಾರ್ಡಿಂಗ್. ಆದರೂ ಹಾಡು ಏರಿದ ಹೊತ್ತಿಗೆ ಕುರ್ಚಿಯಲ್ಲಿ ಕೂರೋಕಾಗಲಿಲ್ಲ.

ನಾನಿರುವ ಊರಿನ ಸುದ್ದಿಯೂ ಒಂದಿದೆ. ಇಲ್ಲಿಗೆ ಹತ್ತಿರವೇ ಫರ್ಗುಸನ್ ಅಂತ ಒಂದು ಸಣ್ಣ ಊರು. 2014ರ ಆಗಸ್ಟ್‌ನಲ್ಲಿ ಅಲ್ಲಿ ಮೈಕಲ್ ಬ್ರೌನ್ ಅನ್ನುವ 18 ವರ್ಷದ ಕರಿಯ ಹುಡುಗನನ್ನು ಪೊಲೀಸ್ ಅಧಿಕಾರಿಯೊಬ್ಬ ಗುಂಡು ಹೊಡೆದು ಕೊಂದ. ಹೆಣ ನಾಲ್ಕು ಗಂಟೆ ರಸ್ತೆಯಲ್ಲೇ ಬಿದ್ದಿತ್ತು. ಈಗ ಗ್ರೀಕ್ ನಾಟಕದ ನಿಮ್ಮ ಅಂತಿಗೊನೆಯನ್ನು ನೆನಪು ಮಾಡಿಕೊಳ್ಳಿ. ಅಣ್ಣನ ಹೆಣ ಬಯಲಲ್ಲಿ ಬಿದ್ದಿದೆ, ಮಣ್ಣು ಮಾಡಬಾರದು ಅಂತ ರಾಜಾಜ್ಞೆ, ಇವಳು ಮಾಡಿಯೇ ಮಾಡುತ್ತಾಳೆ. 2016ರಲ್ಲಿ ಬ್ರಯನ್ ಡೋರೀಸ್ ಅನ್ನುವ ನಿರ್ದೇಶಕರು ಈ ಎರಡನ್ನೂ ಒಟ್ಟಿಗೆ ಇಟ್ಟು 'ಆಂಟಿಗನಿ ಇನ್ ಫರ್ಗುಸನ್' ಮಾಡಿದರು. ಆಡಿದ್ದು ಎಲ್ಲಿ ಅಂದರೆ ಆ ಹುಡುಗ ಓದಿದ ಹೈಸ್ಕೂಲಿನಲ್ಲೇ. ಸಂಗೀತ ಇಲ್ಲಿಯವರೇ ಆದ ಫಿಲ್ ವುಡ್‌ಮೋರ್ ಅವರದು. ಕೋರಸ್ಸಿನಲ್ಲಿ ಮೇಷ್ಟರುಗಳಿದ್ದರು, ಚಳವಳಿಯವರಿದ್ದರು, ಪೊಲೀಸರೂ ಇದ್ದರು. ಎಲ್ಲರೂ ಒಂದೇ ಹಾಡು ಹಾಡಿದರು. ನಾನು ಆಗ ಇಲ್ಲಿಗೆ ಬಂದಿರಲಿಲ್ಲ. ನಮ್ಮ ಆಫೀಸಿನಲ್ಲಿ ಚರ್ಚಿನಲ್ಲಿ ಹಾಡುವ ಒಬ್ಬ ಹಿರಿಯ ಹೆಂಗಸು ಇದ್ದಾರೆ. ಅವರು ಈ ಕತೆ ಹೇಳಿದಾಗಿನಿಂದ ನನಗೂ ಈ ಹುಚ್ಚು ಹಿಡಿದಿದ್ದು.

ಇದೇ ಡೋರೀಸ್ ಅವರ ತಂಡದ ಹೆಸರು 'ಥಿಯೇಟರ್ ಆಫ್ ವಾರ್'. ವೇಷ ಇಲ್ಲ, ಪರದೆ ಇಲ್ಲ. ಒಂದು ಉದ್ದ ಮೇಜು, ಮೈಕು, ಕೈಯಲ್ಲಿ ಹಾಳೆ. ನಮ್ಮ ತಾಳಮದ್ದಲೆಯ ಹಾಗೆಯೇ, ಭಾಗವತರಿಲ್ಲ, ಅರ್ಥವನ್ನು ಸ್ವಂತವಾಗಿ ಹೇಳುವುದೂ ಇಲ್ಲ, ಓದುತ್ತಾರೆ. ಆದರೆ ಏನು ಓದು! ನಟರು ಕೂತಲ್ಲೇ ಕಿರುಚುತ್ತಾರೆ, ಮೇಜು ಅದುರುತ್ತೆ. 2008ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಸುಮಾರು 400 ಜನ ಸೈನಿಕರು, ಅವರ ಮನೆಯವರ ಎದುರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಅಜಾಕ್ಸ್ ಮತ್ತು ಫಿಲಾಕ್ಟೆಟೀಸ್ ನಾಟಕಗಳನ್ನು ಓದಿದರು. ಆಮೇಲೆ ಮಾತಾಡಿ ಅಂತ ಮೈಕು ಕೊಟ್ಟರು. ಒಬ್ಬ ಸೈನಿಕನ ಹೆಂಡತಿ ಎದ್ದು, ತನ್ನ ಗಂಡ ನಾಲ್ಕು ಸಲ ಯುದ್ಧಕ್ಕೆ ಹೋಗಿ ಬಂದ, ಬಂದಾಗಲೆಲ್ಲ ಕಣ್ಣಿಗೆ ಕಾಣದ ಹೆಣಗಳನ್ನು ಮನೆಯೊಳಗೆ ಎಳಕೊಂಡು ಬಂದ ಅಂದಳಂತೆ. ಮುಕ್ಕಾಲು ಗಂಟೆ ಅಂತ ಇಟ್ಟುಕೊಂಡ ಮಾತುಕತೆ ಮೂರು ಗಂಟೆ ದಾಟಿತು. ಮುಂದಿನ ವರ್ಷ ರಕ್ಷಣಾ ಇಲಾಖೆಯೇ ದುಡ್ಡು ಕೊಟ್ಟು, ಹೋಗಿ ನಮ್ಮ ಸೈನಿಕರಿಗೆಲ್ಲ ಓದಿ ಹೇಳಿ ಅಂತ ಕಳಿಸಿತು.

ಅಜಾಕ್ಸ್ ಯಾರು ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ಕಪಾಟಿನಲ್ಲೇ ಇದ್ದಾನೆ. 1929ರಲ್ಲಿ ಬಿ.ಎಂ.ಶ್ರೀ ಅವನನ್ನು ತಂದು 'ಅಶ್ವತ್ಥಾಮನ್' ಮಾಡಿಟ್ಟಿದ್ದಾರೆ. ಅಮೆರಿಕದವರು ಏನೋ ಹೊಸದು ಮಾಡಿದೆವು ಅಂತ ಎದೆ ಉಬ್ಬಿಸಿದಾಗ ನಾನು ಇದನ್ನು ಹೇಳುತ್ತೇನೆ. ಗ್ರೀಕರ ವೀರನನ್ನು ನಮ್ಮ ಕುರುಕ್ಷೇತ್ರಕ್ಕೆ ಕರೆತಂದು ಹಳಗನ್ನಡ ಮಾತಾಡಿಸಿದವರು ನಮ್ಮಲ್ಲಿದ್ದರು ಅಂದರೆ ಕಣ್ಣು ಬಿಡುತ್ತಾರೆ. ಒಬ್ಬರು ಹೆಸರು ಬರೆದುಕೊಂಡರು. ಸ್ಪೆಲ್ಲಿಂಗ್ ಹೇಳುವಷ್ಟರಲ್ಲಿ ಸಾಕಾಯಿತು.

ಈಗ ಫಿಲಾಕ್ಟೆಟೀಸ್. ಅದನ್ನು ಹೋದ ತಿಂಗಳು ಇಲ್ಲೇ ಒಂದು ಹಾಲ್‌ನಲ್ಲಿ ಇದೇ ರೀತಿ ಓದಿದರು. ಎದುರಿಗೆ ಕೂತಿದ್ದವರು ಹೆಚ್ಚಿನವರು ನರ್ಸುಗಳು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು. ಕತೆ ಕೇಳಿ. ಫಿಲಾಕ್ಟೆಟೀಸ್ ದೊಡ್ಡ ಬಿಲ್ಲುಗಾರ. ಹೆರಾಕ್ಲಿಸ್‌ನ ಬಿಲ್ಲು ಇವನ ಕೈಯಲ್ಲಿದೆ. ಟ್ರಾಯ್‌ಗೆ ಹೋಗುವ ದಾರಿಯಲ್ಲಿ ಕಾಲಿಗೆ ಹಾವು ಕಚ್ಚುತ್ತೆ. ಗಾಯ ಮಾಯುವುದಿಲ್ಲ. ಕೀವು, ವಾಸನೆ, ರಾತ್ರಿಯೆಲ್ಲ ಕೂಗಾಟ. ಜೊತೆಯವರಿಗೆ ಪೂಜೆ ಮಾಡೋಕಾಗಲ್ಲ, ಊಟ ಸೇರಲ್ಲ. ಗ್ರೀಕ್ ಸೇನೆಯ ಒಡಿಸ್ಯೂಸ್ ಅವನನ್ನು ಲೆಮ್ನೋಸ್ ಅನ್ನುವ ದ್ವೀಪದಲ್ಲಿ ಬಿಟ್ಟು ಹಡಗು ಹತ್ತಿಬಿಡುತ್ತಾನೆ. ವರ್ಷಗಟ್ಟಲೆ ಒಂದು ಗುಹೆಯಲ್ಲಿ ಅವನೊಬ್ಬನೇ. ಕೊನೆಗೆ, ಇವನೂ ಇವನ ಬಿಲ್ಲೂ ಇಲ್ಲದೆ ಟ್ರಾಯ್ ಬೀಳುವುದಿಲ್ಲ ಅಂತ ಭವಿಷ್ಯವಾಣಿ ಆಗುತ್ತೆ. ಆಗ ಬಂತು ನೋಡಿ ನೆನಪು. ಒಡಿಸ್ಯೂಸ್ ವಾಪಸ್ ಬರುತ್ತಾನೆ, ಅಕಿಲಿಸ್‌ನ ಎಳೆ ಮಗನನ್ನು ಮುಂದೆ ಬಿಟ್ಟು ಸುಳ್ಳು ಹೇಳಿಸುತ್ತಾನೆ. ಹುಡುಗ ಮೊದಲು ಮೋಸ ಮಾಡುತ್ತಾನೆ. ಆಮೇಲೆ ಅವನ ನರಳಾಟ ಕಣ್ಣಾರೆ ಕಂಡು ನಾಚಿಕೆಯಾಗಿ, ಕದ್ದ ಬಿಲ್ಲು ವಾಪಸ್ ಕೊಟ್ಟು ನಿಜ ಹೇಳುತ್ತಾನೆ. "ಬಾ, ಟ್ರಾಯ್‌ಗೆ ಹೋಗೋಣ, ಅಲ್ಲಿ ವೈದ್ಯರಿದ್ದಾರೆ, ಕಾಲು ವಾಸಿಯಾಗುತ್ತೆ" ಅಂತಾನೆ. ಫಿಲಾಕ್ಟೆಟೀಸ್ ಒಲ್ಲೆ ಅಂತಾನೆ. ಗುಣವಾಗುತ್ತೆ ಅಂದರೂ ಒಲ್ಲೆ! ಇಷ್ಟು ಹೊತ್ತು ಅವನಿಗಾಗಿ ಅಳುತ್ತಿದ್ದ ನಮಗೆಲ್ಲ ಅಲ್ಲಿ ರೇಗಿಹೋಗುತ್ತೆ.

ಆಮೇಲೆ ಹೋದನಾ, ಇಲ್ಲವಾ? ಈಗ ಹೇಳುವುದಿಲ್ಲ. ಶಿವಮೊಗ್ಗದಲ್ಲಿ ಡಾಕ್ಟರಿಗೆ ಕಾಲು ತೋರಿಸಿ, ಅಲ್ಲಿಂದ ಒಂದು ಫೋನ್ ಮಾಡಿ. ಎಷ್ಟು ಹೊತ್ತಾದರೂ ಸರಿ, ಕೊನೆಯ ಭಾಗ ಪೂರ್ತಿ ಹೇಳುತ್ತೇನೆ. ಅಕ್ಕ ನನಗೆ ಬರೆದಳು ಅಂತ ಅವಳ ಮೇಲೆ ಸಿಟ್ಟಾಗಬೇಡಿ.

———

ಅಕ್ಕ, ಇಲ್ಲಿಗೆ ನಿಲ್ಲಿಸು. ಮುಂದಿನದು ಅವರ ಎದುರು ಬೇಡ.

ಕೊನೆ ಏನಾಗುತ್ತೆ ಗೊತ್ತಾ? ಹುಡುಗನೂ ಸೋತು, ಆಯಿತು ನಿನ್ನೂರಿಗೇ ಕರಕೊಂಡು ಹೋಗುತ್ತೇನೆ ಅಂತ ಒಪ್ಪಿಬಿಡುತ್ತಾನೆ. ಅಷ್ಟರಲ್ಲಿ ಮೇಲಿನಿಂದ, ದೇವರಾಗಿಹೋಗಿದ್ದ ಹೆರಾಕ್ಲಿಸ್ ಬಂದು, "ಹೋಗು, ಗುಣವಾಗುತ್ತೆ" ಅಂತಾನೆ. ಅಷ್ಟೇ. ಫಿಲಾಕ್ಟೆಟೀಸ್ ತಕರಾರಿಲ್ಲದೆ ಹೊರಡುತ್ತಾನೆ. ಬೇರೆ ಯಾರು ಹೇಳಿದರೂ ಕೇಳದವನು ಒಬ್ಬನ ಮಾತು ಕೇಳುತ್ತಾನೆ. ನಮ್ಮಲ್ಲಿ ಆ ಒಬ್ಬ ಯಾರು? ಗಣಪತಿ ಮಾವ. ನೀನು ಹೇಳಿದರೆ ಬಯ್ಯುತ್ತಾರೆ, ರಘಣ್ಣ ಹೇಳಿದರೆ ಜಗಳ, ನಾನು ಹೇಳಿದರೆ "ಅಲ್ಲಿಂದ ಮಾತಾಡೋದು ಸುಲಭ" ಅಂತಾರೆ. ಮಾವ "ಏಳೋ" ಅಂದರೆ ಏಳುತ್ತಾರೆ. ಮಾವನಿಗೆ ಮಂಡಿ ನೋವು ಅಂತ ಗೊತ್ತು. ಕಾರು ಮಾಡಿ ಕರೆಸು. ಇದೇ ವಾರ.

ಅಡಿಕೆ ಮಂಡಿಯಲ್ಲಿ ಲೆಕ್ಕ ಇದೆ ಅಂತ ಸುಳ್ಳು ಹೇಳಿ ಕಾರಿಗೆ ಹತ್ತಿಸಿ, ಸೀದಾ ಆಸ್ಪತ್ರೆಗೆ ಒಯ್ಯೋಣ ಅನ್ನುವುದು ರಘಣ್ಣನ ಪ್ಲಾನ್ ಅಂತ ಬರೆದಿದ್ದೀಯ. ಒಡಿಸ್ಯೂಸ್ ಕೂಡ ಹಾಗೇ ಯೋಚನೆ ಮಾಡಿದ್ದು. ಅಪ್ಪಯ್ಯನಿಗೆ ಗೊತ್ತಾದರೆ ಆಮೇಲೆ ಯಾರನ್ನೂ ನಂಬಲ್ಲ, ಮಾತ್ರೆಯನ್ನೂ ಮುಟ್ಟಲ್ಲ. ಮೊದಲು ಮಾವ ಬರಲಿ. ಅದೂ ಆಗದೆ ಹೋದರೆ ಸುಳ್ಳೇ ಹೇಳಿ. ನನಗೆ ಕಾಲು ಮುಖ್ಯ, ಸೊಫೊಕ್ಲಿಸ್ ಅಲ್ಲ.

ಕೆಳಗಿನಮನೆಯವರು ಆಸ್ಪತ್ರೆಗೆ ಹೋಗಿ ಕಾಲು ತೆಗೆಸಿಕೊಂಡು ಬಂದರಲ್ಲ, ಅಪ್ಪಯ್ಯನ ಹೆದರಿಕೆ ಅದೇ. ಕೇಳಿದರೆ ಒಪ್ಪುವುದಿಲ್ಲ. ಅವರು ಹೋಗಿದ್ದೇ ತಡವಾಗಿ, ಅದಕ್ಕೇ ಹಾಗಾಯಿತು ಅಂತ ಮಾವನ ಬಾಯಲ್ಲಿ ಹೇಳಿಸು. ಬೇಗ ಹೋದರೆ ಎಷ್ಟೋ ಸಲ ಕೀವು ತೆಗೆದು, ಔಷಧಿ ಕೊಟ್ಟು, ಕಾಲಿನ ಮೇಲೆ ಭಾರ ಬೀಳದ ಹಾಗೆ ನೋಡಿಕೊಂಡರೆ ಮಾಯುತ್ತೆ. ಶುಗರ್ ಕೂಡ ಹಿಡಿತಕ್ಕೆ ಬರಬೇಕು. ಮಧ್ಯಾಹ್ನದ ಪಾಯಸಕ್ಕೆ ಅಮ್ಮನೇ ಬೇಡ ಅನ್ನಬೇಕು, ನಾವು ಹೇಳಿದರೆ ಆಗುವುದಲ್ಲ.

ಅಪ್ಪಯ್ಯನ ಭಾಗದಲ್ಲಿ ಒಂದು ಮಾತು ಬರೆಯಲಿಲ್ಲ. ಅವತ್ತು ಓದು ಮುಗಿದ ಮೇಲೆ ಮೈಕು ಕೊಟ್ಟಾಗ ನಿನ್ನ ವಯಸ್ಸಿನ ಒಬ್ಬ ಹೆಂಗಸು ಎದ್ದರು. ಅಪ್ಪನನ್ನು ಮನೆಯಲ್ಲಿ ನೋಡಿಕೊಳ್ಳುತ್ತಾರಂತೆ. "ವಾಸನೆ ನನಗೆ ರೂಢಿಯಾಗಿದೆ. ಅಪ್ಪ ದಿನಾ ನನ್ನ ಹತ್ತಿರ ಕ್ಷಮೆ ಕೇಳುತ್ತಾರಲ್ಲ, ಅದು ರೂಢಿಯಾಗಿಲ್ಲ" ಅಂದರು. ನನಗೆ ನಿನ್ನ ನೆನಪಾಯಿತು. ಆಗಿನ್ನೂ ನಿನ್ನ ಪತ್ರ ಬಂದಿರಲಿಲ್ಲ, ಕಾಲಿನ ವಿಷಯವೇ ಗೊತ್ತಿರಲಿಲ್ಲ. ಆದರೂ ಯಾಕೋ ನೆನಪಾಯಿತು. ಇಲ್ಲಿನವರ ವಿಚಿತ್ರ ನೋಡು, ಗುರುತಿಲ್ಲದ ನೂರಾರು ಜನರ ಎದುರು ಮನೆಯ ಕಷ್ಟ ಹೇಳಿಕೊಂಡು ಅಳುತ್ತಾರೆ. ಸಾಲಿಗೊಂದು ಟಿಶ್ಯೂ ಡಬ್ಬಿ ಇಟ್ಟಿರುತ್ತಾರೆ. ಯಾರು ಏನು ಹೇಳಿದರೂ "ಹೇಳಿದ್ದಕ್ಕೆ ಥ್ಯಾಂಕ್ಸ್" ಅಂತ ಒಂದು ಮಾತು. ಮುಗಿದ ಮೇಲೆ ಕಾಫಿ, ಬಿಸ್ಕತ್ತು. ಮೊದಲ ಸಲ ನಗು ಬಂದಿತ್ತು. ನಮ್ಮಲ್ಲಿ ಮನೆಯವರ ಎದುರೇ ಹೇಳಿಕೊಳ್ಳಲ್ಲ ಅಲ್ವಾ? ನಿನಗೆ ಸುಸ್ತಾಗಿದ್ದರೆ ನನಗೆ ಹೇಳು. ಥ್ಯಾಂಕ್ಸ್ ಅನ್ನುವುದಿಲ್ಲ.

ದುಡ್ಡಿನ ವಿಷಯ. ನಿನ್ನ ಅಕೌಂಟಿಗೆ ಎರಡು ಲಕ್ಷ ಹಾಕಿದ್ದೇನೆ. ರಘಣ್ಣನ ಅಕೌಂಟಿಗೆ ಹಾಕಿಲ್ಲ, ಹಾಕಿದರೆ ಸೊಸೈಟಿ ಸಾಲಕ್ಕೆ ಹೋಗುತ್ತೆ. ಎಲೆಚುಕ್ಕಿ ರೋಗದಿಂದ ಫಸಲು ಅರ್ಧ ಹೋಗಿದೆ, ಅವನಿಗೂ ಕಷ್ಟ ಅಂತ ಗೊತ್ತು. ಅದರ ಬಗ್ಗೆ ಅವನ ಹತ್ತಿರ ಬೇರೆ ಮಾತಾಡುತ್ತೇನೆ. ಯಶಸ್ವಿನಿ ಕಾರ್ಡ್ ಇದ್ದರೆ ಜೊತೆಗೆ ಇಟ್ಟುಕೋ. ಅದರಲ್ಲಿ ಆಗದಿದ್ದರೆ ದುಡ್ಡಿಗೆ ನೋಡಬೇಡ. ನನ್ನ ಹತ್ತಿರ ಇದೆ. ನಿಜವಾಗಿಯೂ ಇದೆ, ಸಾಲ ಮಾಡಿಲ್ಲ. ಅಮ್ಮನಿಗೆ ಖರ್ಚಿನ ಲೆಕ್ಕ ಹೇಳಬೇಡ.

ನೀನು ಒಂದು ಸಲ ಬಂದು ಹೋಗು ಅಂದಿದ್ದೀಯ. ಬರುತ್ತೇನೆ. ಈಗ ಹೊರಟರೆ ವಾಪಸ್ ಬರಲು ಪಾಸ್‌ಪೋರ್ಟಿನಲ್ಲಿ ಹೊಸದಾಗಿ ವೀಸಾ ಮುದ್ರೆ ಹಾಕಿಸಿಕೊಳ್ಳಬೇಕು. ಅದರ ದಿನ ಸಿಗುವುದೇ ಕಷ್ಟ. ಅಲ್ಲೇ ಸಿಕ್ಕಿಕೊಂಡರೆ ಕೆಲಸ ಏನಾಗುತ್ತೋ ಗೊತ್ತಿಲ್ಲ. ಲೂಯಿಸ್ ಆಲ್ಫಾರೊ ಅನ್ನುವವರು ಗ್ರೀಕರ ಮೆಡಿಯಾಳನ್ನು 'ಮೊಹಾಡಾ' ಅಂತ ಬರೆದಿದ್ದಾರೆ. ಅದರಲ್ಲಿ ಅವಳು ಮೆಕ್ಸಿಕೋದಿಂದ ಗಡಿ ದಾಟಿ ಬಂದು ಲಾಸ್ ಏಂಜಲೀಸ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸು. ಕಾಗದಪತ್ರ ಇಲ್ಲ, ಮನೆಯ ಅಂಗಳ ದಾಟಲು ಹೆದರುತ್ತಾಳೆ. ಓದುವಾಗ ಎದೆ ಹೊಡೆದುಕೊಂಡಿತು. ಆದರೆ ನನಗೆ ಕಾಗದಪತ್ರ ಎಲ್ಲಾ ಸರಿ ಇದೆ, ಗಾಬರಿಯಾಗಬೇಡ. ಅಮ್ಮನಿಗೆ ಇದನ್ನು ಹೇಳಲೇಬೇಡ, ಗಡಿ ದಾಟಿದ್ದು ನಾನೇ ಅಂತ ಅಂದುಕೊಳ್ಳುತ್ತಾಳೆ. ಡಾಕ್ಟರು ಆಪರೇಷನ್ ಅಂದರೆ ವೀಸಾ ಗೀಸಾ ನೋಡದೆ ಹೊರಟುಬರುತ್ತೇನೆ.

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಅಪ್ಪೆಹುಳಿ ಮಾಡಲು ಕಲಿತೆ, ಇಲ್ಲಿನ ಮಾವಿನಕಾಯಿ ಹುಳಿಯೇ ಇಲ್ಲ ಅಷ್ಟೇ. ಚಳಿ ಇಲ್ಲ. ಸ್ವಲ್ಪ ಇದೆ, ಸ್ವೆಟರ್ ಹಾಕುತ್ತೇನೆ. ತೂಕವೂ ಜಾಸ್ತಿಯಾಗಿದೆ. ಶುಗರ್ ನಾನೂ ನೋಡಿಸಿಕೊಂಡೆ, ಏನೂ ಇಲ್ಲ. ನನ್ನ ಬಗ್ಗೆ ಯಾರೂ ಯೋಚನೆ ಮಾಡಬೇಡಿ. ಹೆಣ್ಣಿನ ವಿಷಯ ಅಮ್ಮ ಮತ್ತೆ ಎತ್ತಿದರೆ ಕಾಲು ವಾಸಿಯಾದ ಮೇಲೆ ಅಂತ ಹೇಳು.

ಬೆಳಿಗ್ಗೆ ಬೇಗ ಮೀಟಿಂಗ್ ಇದೆ, ಮಲಗಬೇಕು. ಬೆರಳಿನ ಫೋಟೋ ಇವತ್ತೇ ಕಳಿಸು, ಬೆಳಕಿನಲ್ಲಿ ತೆಗಿ, ಟಾರ್ಚ್ ಹಾಕಿ ತೆಗೆದರೆ ಬಣ್ಣ ಗೊತ್ತಾಗಲ್ಲ. ಮಾವನಿಗೆ ಮೊದಲು ಫೋನ್ ಮಾಡು, ಆಮೇಲೆ ಅಪ್ಪಯ್ಯನಿಗೆ ಓದು.

ಇಂತಿ ನಿನ್ನ ತಮ್ಮ,
ಶ್ರೀಧರ

ತಾ.ಕ.: ಶಿವಮೊಗ್ಗಕ್ಕೆ ಹೋಗುವಾಗ ಹಳೇ ಮಾತ್ರೆ ಚೀಟಿಗಳನ್ನೆಲ್ಲ ತಗೊಂಡು ಹೋಗು. ದೇವರ ಕೋಣೆಯ ಡಬ್ಬಿಯಲ್ಲಿ ಇರುತ್ತೆ.